ಹನ್ನೊಂದೂವರೆ ತಾಸು

ಅಧ್ಯಾಯ ನಾಲ್ಕು, ಜೂನ್ ಒಳಗೆ, ಎಂದು
ಕ್ಯಾಲೆಂಡರಿನ ಎರಡು ಏಕಾದಶಿಗಳ ನಡುವೆ ಬರೆದಿಟ್ಟೆ.
ಸಪ್ತಾಪುರದ ಮಹಡಿ ಕೋಣೆ, ತಗಡಿನ ಮಾಡು.
ಮಧ್ಯಾಹ್ನ ಕರೆಂಟು ಹೋದರೆ
ಲ್ಯಾಪ್‌ಟಾಪು ತೊಡೆಯ ಮೇಲೆ ಬೆಕ್ಕಿನಂತೆ ಕಾಯುತ್ತದೆ.

ನನ್ನ ವಿಷಯ ಮೆಕ್ಸಿಕೋ.
ಇಪ್ಪತ್ತೆರಡು ವರ್ಷವಾಯಿತು, ಒಮ್ಮೆಯೂ ಹೋಗಿಲ್ಲ.
ಒಂದು ಸಲ ವೀಸಾ ಬಂತು, ಹಣ ಬರಲಿಲ್ಲ;
ಇನ್ನೊಂದು ಸಲ ಎರಡೂ ಬಂದವು, ಅತ್ತೆ ಹಾಸಿಗೆ ಹಿಡಿದರು.
ಹೀಗಾಗಿ ಆ ದೇಶವನ್ನು
ದೂರದೂರಿಗೆ ಕೊಟ್ಟ ಅಕ್ಕನ ಸಂಸಾರದ ಹಾಗೆ
ಸುದ್ದಿಯಿಂದಲೇ ಬಲ್ಲೆ:
ಯಾರು ಯಾರೊಂದಿಗೆ ಮಾತು ಬಿಟ್ಟರು,
ಯಾವ ಪಕ್ಷ ಯಾರ ಪಂಕ್ತಿಯಲ್ಲಿ ಕೂತು ಉಂಡಿತು,
ಯಾವ ಊರಿನ ಮೇಯರ್ ಅಭ್ಯರ್ಥಿ
ಪ್ರಚಾರಕ್ಕೆ ಹೋದವನು ಮನೆಗೆ ಮರಳಲಿಲ್ಲ.

ಮೇ ಏಳಕ್ಕೆ ಚುನಾವಣೆ ಡ್ಯೂಟಿ, ಮುಂಡರಗಿ ಕಡೆಯ ಶಾಲೆ.
ಹಲಗೆಯ ಮೇಲೆ ಅಳಿಸದೆ ಬಿಟ್ಟ ಒಂಬತ್ತರ ಮಗ್ಗಿ.
ಹಿಂದಿನ ರಾತ್ರಿ ಬೆಂಚು ಜೋಡಿಸಿ ಮಲಗಿ
ಅಲ್ಲಿಯ ಚರ್ಚೆಯ ವರದಿ ಓದಿದೆ,
ಇಬ್ಬರು ಹೆಂಗಸರು ಎದುರುಬದುರು.
ಬೆಳಿಗ್ಗೆ ಮೊದಲು ಬಂದವಳು ನೀಲಗಂಗವ್ವ.
ಬೆರಳು ಚಾಚಿ ಕೇಳಿದಳು:
"ಎವ್ವಾ, ಈ ಮಸಿ ಎಷ್ಟ ದಿನ ಇರತೈತಿ?"
ಒಂದು ತಿಂಗಳು ಇದ್ದೀತು, ಎಂದೆ.
"ಅವರ ಮಾತಿಗಿಂತ ಛಲೋ ಆತ ಬಿಡು."
ಇದನ್ನು ಅಡಿಟಿಪ್ಪಣಿಯಲ್ಲಿ ಎಲ್ಲಿಡಲಿ?

ತಿಂಗಳ ಕೊನೆಗೆ ಬ್ಯಾಡಗಿ, ನಾದಿನಿಯ ಮನೆ.
ಊರು ಕಾಣುವ ಮೊದಲೇ ಸೀನು ಬರುವ ಊರು.
ಆಕೆಯ ಗಂಡ ಮುರಿಗೆಪ್ಪ ದಲಾಲಿ ಅಂಗಡಿಯವರು,
ಒಂದು ಗೋಡೆ ತೋರಿಸಿದರು,
ಸುಣ್ಣದ ಕೆಳಗಿನಿಂದ ಮಸಿ ಎದ್ದು ಬರುತ್ತಿತ್ತು.
"ಮಾರ್ಚನ್ಯಾಗ ದರ ಬಿತ್ತು, ಮಂದಿ ರೊಚ್ಚಿಗೆದ್ರು.
ನೀವು ರಾಜಕೀಯ ಕಲಸಾವರು, ಗೊತ್ತಿರಬೇಕಲ್ಲ."
ಗೊತ್ತಿರಲಿಲ್ಲ.
ಆ ವಾರ ನಾನು ಓಹಾಕಾದ ಶಿಕ್ಷಕರ ಬೇಡಿಕೆಗಳನ್ನು
ಒಂದೊಂದಾಗಿ ಪಟ್ಟಿ ಮಾಡುತ್ತಿದ್ದೆ.
ಕೆಮ್ಮು ಬಂತು, ಬರಿಸಿಕೊಂಡೆ.
ಪುಣ್ಯಕ್ಕೆ ಆ ಊರಲ್ಲಿ ಕೆಮ್ಮಿಗೆ ಯಾರೂ ಕಾರಣ ಕೇಳುವುದಿಲ್ಲ.

ಚೀಲದಿಂದ ಒಂದು ಕಾಯಿ ತೆಗೆದು ಕೈಗಿತ್ತರು,
ಕಡುಕೆಂಪು, ಮೈಯೆಲ್ಲ ನೆರಿಗೆ.
ಇದು ಮೆಕ್ಸಿಕೋದಿಂದ ಬಂದದ್ದು, ಎಂದೆ.
"ಬಿಡ್ರಿ, ನಮ್ಮಜ್ಜನ ಅಜ್ಜಾನೂ ಇದನ್ನ ಮಾರ‍್ಯಾನ."
ಇರಬಹುದು.
ಹಡಗಿನಿಂದ ಇಳಿದಾಗ ನಾವು ಹೆಸರು ಕೇಳಲಿಲ್ಲ,
ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಹಚ್ಚಿ
ಒಳಗೆ ಕರೆದುಕೊಂಡೆವು,
ಅಕ್ಕಿಯಲ್ಲಿ ಬರೆದು ಸೊಸೆಗೆ ಹೊಸ ಹೆಸರಿಡುವ ಹಾಗೆ.
ತವರಿನ ಹೆಸರನ್ನು ಆಕೆ ಒಣಗಿಸಿ ಎಲ್ಲಿಟ್ಟಳೋ.
ಈಗ ಆಕೆಯಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಜೂನ್ ಮೂರು, ಸೋಮವಾರ.
ರಾತ್ರಿಯ ರೋಹಿಣಿ ಮಳೆಗೆ
ತಂತಿಯ ಮೇಲೆ ಗುಲ್‌ಮೊಹರಿನ ಟೊಂಗೆ.
ಫೋನಿನಲ್ಲಿ ಉಳಿದದ್ದು ಶೇಕಡಾ ಒಂಬತ್ತು.
ಹನ್ನೊಂದು ದಾಟಿ ಇಪ್ಪತ್ತು ನಿಮಿಷಕ್ಕೆ ಸುದ್ದಿ ಬಂತು.
ಅಲ್ಲಿ ನಿನ್ನೆ ಇನ್ನೂ ಮುಗಿದಿರಲಿಲ್ಲ,
ಇಲ್ಲಿ ನಮ್ಮ ಎಣಿಕೆ ನಾಳೆ.
ನಡುವಿನ ಈ ತಾಸುಗಳಲ್ಲೇ ನನ್ನ ನೌಕರಿ ಸವೆದದ್ದು.
ಗೆದ್ದಳು! ಎಂದುಬಿಟ್ಟೆ, ಜೋರಾಗಿ.
ಟೊಂಗೆ ಕಡಿಯಲು ಏಣಿ ಹತ್ತಿದ್ದ ಲೈನ್‌ಮನ್ ದಾವಲಸಾಬ
ಕಿಟಕಿಯ ಮಟ್ಟಕ್ಕೇ ಇದ್ದ:
"ಯಾರ್ರೀ ಬಾಯಾರ? ಎಣಿಕಿ ನಾಳಿ ಅಲ್ಲೇನ್ರಿ?"
ಮೆಕ್ಸಿಕೋದಾಗ. ಮೊದಲ ಸಲ ಒಬ್ಬಾಕಿ.
ಆತ ತುಸು ಯೋಚಿಸಿದ.
"ಅಲ್ಲಿ ಕರೆಂಟ್ ಹೆಂಗೈತ್ರಿ?"
ಹೋಗತೈತಿ. ಈ ಬ್ಯಾಸಗಿಗೆ ಭಾಳ ಹೋತು.
"ಹಂಗಾರ ನಮ್ಮ ಪೈಕಿನ," ಎಂದು ಕೊಡಲಿ ಎತ್ತಿದ.

ಅಧ್ಯಾಯ ನಾಲ್ಕು, ಹನ್ನೆರಡು ಪುಟ.
ಮೊದಲನೆಯದನ್ನು ಹರಿದು
ಪೆನ್ನಿನಲ್ಲಿ ಬರೆಯಲು ಕೂತೆ,
ಹಾಳೆ ಹಾರದಿರಲೆಂದು ಬ್ಯಾಡಗಿಯ ಕಾಯಿ ಮೇಲಿಟ್ಟು.
ಅದಕ್ಕೆಲ್ಲಿಯ ಭಾರ.
ಎರಡೂ ಹಾರಿ ಮಂಚದ ಕೆಳಗೆ ಹೋದವು.
ಬಗ್ಗಿ ತಡಕಾಡುವಾಗ ಮೂಗಿನಲ್ಲಿ ಘಾಟು,
ಹೊರಗೆ ಏಣಿಯ ಮೇಲಿಂದ ಆತನ ದನಿ:
"ಬಂತೇನ್ರೀ ಬಾಯಾರ?
ಬಂತೇನು?"